ವಾರಿಜ ಹಾಕಿದ ಸಹಿ

ಶಿಷ್ಯ ಕೇಳಿದ: "ಗುರುಗಳೇ, ನನ್ನ ವಾರ್ಡಿನಲ್ಲಿ ಒಬ್ಬ ಬಡಗಿ ಇದ್ದಾನೆ. ಕ್ಯಾನ್ಸರ್ ಮೈಯೆಲ್ಲ ಹರಡಿದೆ. ಇನ್ನೂ ಪರೀಕ್ಷೆಯಲ್ಲಿರುವ ಚಿಕಿತ್ಸೆಯೊಂದಿದೆ, ಆದರೆ ಮನೆಯವರು ಬೇಡ ಎನ್ನುತ್ತಾರೆ. ಇಂಥವರನ್ನು ಸುಮ್ಮನೆ ಬಿಡುವುದೇ ದಯೆಯಲ್ಲವೇ?"

ಗುರುಗಳು ನಲವತ್ತು ವರ್ಷ ಕ್ಯಾನ್ಸರ್ ರೋಗಿಗಳನ್ನು ನೋಡಿದ ವೈದ್ಯರು. ಅವರು ಹೇಳಿದರು:

ಕಡಲತೀರದ ಊರೊಂದರಲ್ಲಿ ವಾರಿಜ ಎಂಬ ಮೀನು ಮಾರುವ ಹೆಂಗಸಿದ್ದಳು. ಅವಳ ಬಾಯಿಯಲ್ಲಿ ಹುಟ್ಟಿದ ಕ್ಯಾನ್ಸರ್ ಕುತ್ತಿಗೆಯಲ್ಲಿ ಗಡ್ಡೆಯಾಯಿತು, ಶ್ವಾಸಕೋಶಕ್ಕೂ ಹೋಯಿತು. ವೈದ್ಯ ಅವಳ ಅಣ್ಣನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದ. "ಅವಳಿಗೆ ಹೇಳಬೇಡಿ, ಮನೆಗೆ ಕರೆದುಕೊಂಡು ಹೋಗುತ್ತೇನೆ" ಎಂದ ಅಣ್ಣ.

ವಾರಿಜ ಬಾಗಿಲಲ್ಲೇ ನಿಂತಿದ್ದಳು. "ನನ್ನ ಬಾಯಿಗೆ ಬಂದ ಕಾಯಿಲೆಯನ್ನು ಅಣ್ಣನ ಕಿವಿಗೆ ಯಾಕೆ ಹೇಳುತ್ತೀರಿ, ಡಾಕ್ಟ್ರೇ? ನನಗೆ ಹೇಳಿ."

ವೈದ್ಯನಿಗೆ ನಾಚಿಕೆಯಾಯಿತು. ಅವಳನ್ನು ಕೂರಿಸಿ ಕಾಯಿಲೆಯನ್ನೂ ಇನ್ನೂ ಪರೀಕ್ಷೆಯಲ್ಲಿರುವ ಚಿಕಿತ್ಸೆಯೊಂದನ್ನೂ ವಿವರಿಸಿದ. ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಕಣಗಳನ್ನು ಗಡ್ಡೆಯೊಳಗೆ ಸೇರಿಸುತ್ತಾರೆ. ವಿಕಿರಣ ಬಿಟ್ಟಾಗ ಆ ಕಣಗಳು ಅದರ ಪೆಟ್ಟನ್ನು ಅಲ್ಲೇ ಹೆಚ್ಚಿಸುತ್ತವೆ. ಗಡ್ಡೆ ಸಾಯುತ್ತ ಒಡೆದರೆ ಮೈಯ ರಕ್ಷಣಾ ಕೋಶಗಳಿಗೆ ಕ್ಯಾನ್ಸರಿನ ಗುರುತು ಸಿಗಬಹುದು. ಇನ್ನೊಂದು ಔಷಧ ಆ ಕೋಶಗಳಿಗಿರುವ ತಡೆಯನ್ನು ತೆಗೆಯುತ್ತದೆ. ಆಗ ಅವು ಬೇರೆ ಕಡೆ ಅಡಗಿದ ಕ್ಯಾನ್ಸರನ್ನೂ ಹುಡುಕಿ ಕೊಲ್ಲಬಹುದು.

"ವಾಸಿಯಾಗುತ್ತದಾ?"

"ಗೊತ್ತಿಲ್ಲಮ್ಮ. ಆಗದಿರುವ ಸಂಭವವೇ ಹೆಚ್ಚು."

"ನಿಮಗೇ ಗೊತ್ತಿಲ್ಲದ್ದು ಅಣ್ಣನಿಗೆ ಹೇಗೆ ಗೊತ್ತಾಯಿತು? ಒಪ್ಪಿಗೆಯ ಕಾಗದ ಕೊಡಿ" ಎಂದು ಸಹಿ ಹಾಕಿದಳು.

ಗಡ್ಡೆಗೆ ಕಣಗಳ ಸೂಜಿ ಚುಚ್ಚಿದರು. ಏಳು ವಾರ ವಿಕಿರಣ ಕೊಟ್ಟರು. ಬಾಯೆಲ್ಲ ಹುಣ್ಣಾಗಿ ಗುಟುಕು ನೀರೂ ಇಳಿಯದಾಯಿತು. ಅಣ್ಣ ಅವಳ ಕೈಹಿಡಿದು, "ಸಾಕು ಮಾರಾಯ್ತಿ, ಮನೆಗೆ ಹೋಗುವ" ಎಂದು ಅತ್ತ. ಅವಳು ಕೈ ಬಿಡಿಸಿಕೊಂಡು ತಾನೇ ನಡೆದು ವಿಕಿರಣದ ಕೋಣೆಗೆ ಹೋದಳು. ಆಮೇಲೆ ಮೂರು ವಾರಕ್ಕೊಮ್ಮೆ ಆ ಇನ್ನೊಂದು ಔಷಧವನ್ನು ನರಕ್ಕೆ ಹನಿಸಿದರು.

ಆರನೆಯ ತಿಂಗಳಲ್ಲಿ ವೈದ್ಯ ಕುತ್ತಿಗೆ ಮುಟ್ಟಿ ನೋಡಿದ. ಗಡ್ಡೆ ಕೈಗೆ ಸಿಗಲಿಲ್ಲ. ಶ್ವಾಸಕೋಶಕ್ಕೆ ವಿಕಿರಣ ತಾಗಿಸಿರಲೇ ಇಲ್ಲ. ಆದರೂ ಸ್ಕ್ಯಾನಿನಲ್ಲಿ ನೋಡಿದರೆ ಅಲ್ಲಿದ್ದ ಎರಡು ಗಂಟುಗಳಲ್ಲಿ ಒಂದು ಕುಗ್ಗಿತ್ತು. ಇನ್ನೊಂದು ಹಾಗೇ ಇತ್ತು.

ವಾರಿಜ ಮಾರುಕಟ್ಟೆಗೆ ಮರಳಿದಳು. ಒಡಕು ದನಿಯಲ್ಲೇ ಕೂಗಿ ಬಂಗುಡೆ ಮಾರಿದಳು. ಸಾಯುತ್ತಾಳೆಂದು ಅವಳ ಜಾಗ ಹಿಡಿದಿದ್ದವನನ್ನು ಎಬ್ಬಿಸಿ ಕಳಿಸಿದಳು. ಎರಡು ವರ್ಷ ಬದುಕಿದಳು. ಆಮೇಲೆ ಉಳಿದಿದ್ದ ಗಂಟು ಬೆಳೆಯಿತು. ತೀರಿಕೊಂಡಳು.

ಶಿಷ್ಯ ಮತ್ತೆ ಕೇಳಿದ: "ಹಾಗಾದರೆ ಬಡಗಿಯ ವಿಷಯದಲ್ಲಿ ಏನು ಮಾಡಲಿ, ಗುರುಗಳೇ?"

ಗುರುಗಳೆಂದರು: "ಮನೆಯವರನ್ನು ಕೇಳಿದೆ, ನನ್ನನ್ನು ಕೇಳಿದೆ, ಅವನನ್ನು ಕೇಳಿದೆಯಾ?"