ಹಂಡೆ ಬಿಗಿಹಿಡಿದ ನೀರು

ನಲ್ಲಿಯಲ್ಲಿ ನೀರು ನಿಂತು ನಾಲ್ಕು ದಿನವಾಗಿತ್ತು. ಬಚ್ಚಲಿನ ಹಂಡೆ ತನ್ನಲ್ಲುಳಿದ ನೀರನ್ನು ಬಿಗಿಹಿಡಿದು, ಕಕ್ಕಸಿಗಾಗಲಿ ಕೈ ತೊಳೆಯಲಾಗಲಿ ಒಂದು ತೊಟ್ಟೂ ಕೊಡಲಿಲ್ಲ. ಮನೆಯ ಪುಟ್ಟ ಶಾಂಭವಿ ಹೊಟ್ಟೆ ಕೆಟ್ಟು ಮಲಗಿದಳು.

ಕಕ್ಕಸಿನ ಚೊಂಬಿಗೆ ತಡೆಯಲಾಗಲಿಲ್ಲ. "ಯಾರಿಗಾಗಿ ಉಳಿಸುತ್ತಿದ್ದೀರಿ?" ಎಂದು ಕೇಳಿತು.

"ಆ ಮಗುವಿಗಾಗಿಯೇ," ಎಂದಿತು ಹಂಡೆ.

"ಹಾಗಾದರೆ ಅವಳ ಕೈಗೆ ನೀರು ಕೊಡಿ. ಕಕ್ಕಸಿನ ಹೊಣೆ ನನಗಿರಲಿ."

ಚೊಂಬು ಬಟ್ಟೆ ಜಾಲಿಸಿದ ನೀರಿದ್ದ ಬಕೆಟ್ಟಿನ ಬಳಿ ಹೋಯಿತು. "ನನ್ನದು ಕೊಳೆನೀರು," ಎಂದು ಬಕೆಟ್ಟು ಸಂಕೋಚಪಟ್ಟಿತು.

"ನಾನು ಕುಡಿಯಲು ಕೇಳುತ್ತಿಲ್ಲ," ಎಂದ ಚೊಂಬು ಅದರಲ್ಲಿ ಮುಳುಗಿ ಎದ್ದಿತು. ತಳ ನೆಗ್ಗಿದರೂ ನಿಲ್ಲದೆ, ಕಕ್ಕಸು ಬೆಳ್ಳಗಾಗುವವರೆಗೂ ಓಡಾಡಿತು.

ಹಂಡೆ ಎಲ್ಲವನ್ನೂ ನೋಡಿತು. ಶಾಂಭವಿ ಕಕ್ಕಸಿನಿಂದ ಹೊರಬಂದಾಗ ಅದು ಬಾಗಿ, ಅವಳ ಕೈಗಳ ಸೋಪಿನ ನೊರೆ ಪೂರ್ತಿ ಹೋಗುವವರೆಗೆ ನೀರು ಸುರಿಯಿತು. ಅದಕ್ಕಿಂತ ಒಂದು ತೊಟ್ಟೂ ಹೆಚ್ಚು ಸುರಿಯಲಿಲ್ಲ.