ಅಧ್ಯಕ್ಷರ ಇಂಗ್ಲಿಷ್ ಪೇಪರ್

ನಮ್ಮ ಬಡಾವಣೆಯ ವಾಚನಾಲಯಕ್ಕೆ ನಿವೃತ್ತ ಇಂಜಿನಿಯರ್ ಪರಶಿವಯ್ಯನವರು ಅಧ್ಯಕ್ಷರಾದರು. ಆದವರೇ ಗುಡುಗಿದರು: "ಓದೋ ಪೇಪರ್ ನೋಡಿದರೆ ಮನುಷ್ಯನ ಯೋಗ್ಯತೆ ಗೊತ್ತಾಗುತ್ತೆ. ನಾಳೆಯಿಂದ ಇಲ್ಲಿ ಇಂಗ್ಲಿಷ್ ಪೇಪರ್ ಮಾತ್ರ ಇರಬೇಕು!"

ಕನ್ನಡ ಪೇಪರ್ ಓದಲೆಂದೇ ಬರುವವರು ಮುಖ ಮುಖ ನೋಡಿಕೊಂಡರು. ಕಸ ಗುಡಿಸಿ ಪೇಪರ್ ಜೋಡಿಸುವ ಚೌಡಮ್ಮ ಮಾತ್ರ "ಆಗಲಿ ಸಾರ್" ಅಂದಳು.

ಮರುದಿನ ಅಧ್ಯಕ್ಷರು ಎಂದಿನಂತೆ ಮೂಲೆಯ ಕುರ್ಚಿಯಲ್ಲಿ ಕೂತು ಇಂಗ್ಲಿಷ್ ಪೇಪರನ್ನು ಅಗಲವಾಗಿ ಬಿಡಿಸಿದರು. ಹಾಳೆ ತಿರುವಿದರು. ಆಕಳಿಸಿದರು. ಕಡೆಗೆ ಮೆಲ್ಲಗೆ ಕರೆದರು: "ಚೌಡಮ್ಮಾ, ಇವತ್ತಿನ ರಾಶಿಭವಿಷ್ಯ..."

ಬೀರುವಿನಿಂದ ಕನ್ನಡ ಪೇಪರ್ ತೆಗೆದ ಚೌಡಮ್ಮ ಎಲ್ಲರಿಗೂ ಕೇಳುವಂತೆ ಕೇಳಿದಳು: "ದಿನಾ ಓದೋ ಹಾಗೆ ಇಂಗ್ಲಿಷ್ ಪೇಪರಿನ ಒಳಗಿಟ್ಟುಕೊಂಡು ಓದ್ತೀರಾ ಸಾರ್, ಇಲ್ಲಾ ಹಾಗೇ ಓದ್ತೀರಾ?"

ಇಡೀ ಕೋಣೆ ಗೊಳ್ಳೆಂದಿತು. ಪರಶಿವಯ್ಯನವರಿಗೂ ನಗು ತಡೆಯಲಾಗಲಿಲ್ಲ.

"ಹಾಗೇ ಕೊಡು ತಾಯಿ. ಎರಡೆರಡು ಪೇಪರ್ ಹಿಡಿದು ಹಿಡಿದು ನನಗೂ ಕೈ ಸೋತಿದೆ."