ಕೆಸರುನಾಯಿಯ ಕಾವಲು

ಮಕ್ಕಳೇ, ಸಮುದ್ರದಾಚೆಯ ಒಂದು ಕಾಡಿನಲ್ಲಿ ತಣ್ಣನೆಯ ಕೊಳವಿತ್ತು. ಅದರ ತಳದಲ್ಲಿ ಒಬ್ಬ ಸಾಲಮ್ಯಾಂಡರ್ ಇದ್ದ. ನೋಡಲು ಹಲ್ಲಿಯ ಹಾಗೆ. ಮೈತುಂಬ ಲೋಳೆ, ಕುತ್ತಿಗೆಯ ಎರಡೂ ಕಡೆ ಕೆಂಪು ಕುಚ್ಚಿನಂಥ ಕಿವಿರು. ನಮ್ಮ ಕೆರೆಗಳಲ್ಲಿ ಅವನು ಸಿಗುವುದಿಲ್ಲ, ಹುಡುಕಲು ಹೋಗಿ ಚಡ್ಡಿ ಒದ್ದೆ ಮಾಡಿಕೊಳ್ಳಬೇಡಿ.

ಒಂದು ದಿನ ಕೊಕ್ಕರೆ ಅವನನ್ನು ಕಚ್ಚಿ ಮೇಲೆತ್ತಿತು. ಹೆದರಿಕೆಗೆ ಅವನ ಬಾಯಿಂದ "ಕುಂಯ್!" ಎಂದು ಸದ್ದು ಹೊರಟಿತು. ಲೋಳೆ ಮೈ ಜಾರಿ ದುಡುಮ್ಮನೆ ನೀರಿಗೆ ಬಿದ್ದ. ಕೊಕ್ಕರೆ ಹೇಸಿಗೆಯಿಂದ ಕೊಕ್ಕು ಒರೆಸಿಕೊಂಡು ಹಾರಿಹೋಯಿತು.

"ಅಯ್ಯೋ, ನಾಯಿಮರಿ ಬೊಗಳಿದ ಹಾಗಿತ್ತಲ್ಲೋ!" ಎಂದಳು ಕಪ್ಪೆ ಚಿಕ್ಕತಾಯಮ್ಮ.

"ಮತ್ತೇನಕ್ಕಾ? ಬೊಗಳಿಯೇ ಓಡಿಸಿದೆ!" ಎಂದು ಅವನು ಜಂಬ ಕೊಚ್ಚಿದ.

ಎಲ್ಲರೂ ನಂಬಿದರು. 'ಕೆಸರುನಾಯಿ' ಎಂದು ಹೆಸರಿಟ್ಟು ಕೊಳದ ಕಾವಲಿಗೆ ನೇಮಿಸಿದರು. ಕೊಬ್ಬಿದ ಹುಳುಗಳೆಲ್ಲ ಇನ್ನು ಕಾವಲುಗಾರನಿಗೇ. ತಿಂದು ತಿಂದು ಅವನ ಹೊಟ್ಟೆ ಊದಿ, ಕಾಲು ನೆಲಕ್ಕೆ ತಾಗದಂತಾಯಿತು.

"ಒಂದು ಸಲ ಬೊಗಳಿ ತೋರಿಸಪ್ಪಾ," ಎಂದ ಏಡಿರಾಯ.

"ಸುಮ್ಮಸುಮ್ಮನೆ ಬೊಗಳೋಕೆ ನಾನೇನು ಬೀದಿನಾಯಿನಾ?"

ಒಂದು ಬೆಳಗ್ಗೆ ಕೊಕ್ಕರೆ ಮತ್ತೆ ಬಂತು. ದಡದ ತೆಳುನೀರಿನಲ್ಲಿ ಚಿಕ್ಕತಾಯಮ್ಮನ ಮಕ್ಕಳು, ಪುಟ್ಟ ಗೊದಮೊಟ್ಟೆಗಳು, ಆಡುತ್ತಿದ್ದವು.

"ಬೊಗಳೋ! ನನ್ನ ಮಕ್ಕಳನ್ನ ನುಂಗಿಬಿಡುತ್ತೆ, ಬೊಗಳೋ!"

ಕೆಸರುನಾಯಿ ಕಲ್ಲಿನಡಿಯಿಂದಲೇ ಬಾಯಿ ತೆರೆದ. ಎರಡು ಗುಳ್ಳೆ ಬಂದವು, ಅಷ್ಟೇ.

"ಗಂಟಲು ಕಟ್ಟಿದೆ ಅಕ್ಕಾ. ನಾಳೆ ನೋಡೋಣ."

ತಾಯಿಗೆ ಮೈಯೆಲ್ಲ ಉರಿದುಹೋಯಿತು. "ಏಡಿರಾಯ, ಇವನ ಬಾಲ ಹಿಡಿ!"

ಏಡಿರಾಯ ಬಾಲ ಕಚ್ಚಿ ಹಿಡಿದು, ಅವನನ್ನು ದರದರ ಎಳೆದು ದಡಕ್ಕೆ ಹಾಕಿದ.

"ಕುಂಯ್! ಕುಂಯ್! ಕುಂಯ್!"

ಕೊಕ್ಕರೆ ಗೊದಮೊಟ್ಟೆಗಳನ್ನು ಬಿಟ್ಟು ಆ ದಪ್ಪ ತುತ್ತಿನ ಕಡೆ ತಿರುಗಿತು. ಅಷ್ಟರಲ್ಲಿ ಮಕ್ಕಳೆಲ್ಲ ಆಳದ ನೀರಿಗೆ ಪಾರಾದವು. ಕಾವಲುಗಾರ ಬಾಲದ ತುದಿಯನ್ನು ಕೊಕ್ಕರೆಗೇ ಬಿಟ್ಟುಕೊಟ್ಟು, ಹೇಗೋ ಉರುಳಿ ನೀರು ಸೇರಿದ.

"ನಾನು ನಾಯಿ ಅಲ್ಲ ಅಕ್ಕಾ," ಎಂದು ಗೋಳಾಡಿದ. "ಆ ಹೆಸರು ವಾಪಸು ತಗೊಳ್ಳಿ."

"ತಿಂದ ಹುಳು ವಾಪಸು ಕೊಡು, ತಗೋತೀನಿ," ಎಂದಳು ಚಿಕ್ಕತಾಯಮ್ಮ.

ಹುಳುಗಳು ಎಂದೋ ಜೀರ್ಣವಾಗಿದ್ದವು. ಹೆಸರು ಮಾತ್ರ ಅವನ ಮಕ್ಕಳು, ಮೊಮ್ಮಕ್ಕಳಿಗೂ ಅಂಟಿಕೊಂಡಿತು; ಆ ನಾಡಿನ ಜನ ಇಂದಿಗೂ ಅವನ ಕುಲದವರನ್ನು ತಮ್ಮ ಭಾಷೆಯಲ್ಲಿ ಕೆಸರಿನ ನಾಯಿಮರಿ ಎಂದೇ ಕರೆಯುತ್ತಾರೆ.

ನೀತಿ: ಮಾಡದ ಕೆಲಸಕ್ಕೆ ಬಿರುದು ಪಡೆದವನು, ಒಂದು ದಿನ ಆ ಕೆಲಸವನ್ನು ಅಳುತ್ತಲಾದರೂ ಮಾಡಬೇಕಾಗುತ್ತದೆ.